ಹುಣಸೆಮರದವರೆಗೆ

ಕೊಳ್ಳೇಗಾಲದ ಶಿವಮಲ್ಲಪ್ಪನಿಗೆ ಕೋಪ ಬರಲು ಹೆಚ್ಚೇನೂ ಬೇಕಿರಲಿಲ್ಲ. ಬಂದ ಕೋಪ ಇಳಿಯಲು ಮಾತ್ರ ಬೇಕಾದಷ್ಟು ಬೇಕಾಗಿತ್ತು: ಎದುರಿನವರೇ ಮೊದಲು ಮಾತಾಡಬೇಕು, ಅದೂ ನಾಲ್ಕು ಜನ ನೋಡುವ ಹಾಗೆ ಮಾತಾಡಬೇಕು, ಮಾತಾಡಿದ ಮೇಲೆ ಇನ್ನೊಂದು ಸಲ ಕರೆಯಬೇಕು. ಮೀಸೆ ಮಣ್ಣಾಗಬಾರದು ಎನ್ನುವ ಒಂದೇ ಚಿಂತೆಯಲ್ಲಿ ಅರ್ಧ ಆಯುಸ್ಸು ಕಳೆದ ಮನುಷ್ಯ. ಉಳಿದಂತೆ ಕೆಟ್ಟವನಲ್ಲ. ರೇಷ್ಮೆ ನೂಲಿನ ವ್ಯಾಪಾರ, ಮನೆಯ ಹಿಂದೆ ನೂಲು ತೆಗೆಯುವ ಶೆಡ್ಡು, ಶೆಡ್ಡಿಗೆ ಅಂಟಿಕೊಂಡು ಕಿಟಕಿಯಿಲ್ಲದ ಒಂದು ನೂಲಿನ ಕೋಣೆ, ಅಂಗಳದಲ್ಲಿ ಹಳೆಯದೊಂದು ಆಸ್ಟಿನ್ ಕಾರು. ಕೊಳ್ಳೇಗಾಲ ಇನ್ನೂ ಮದರಾಸಿಗೆ ಸೇರಿದ್ದ ಆ ದಿನಗಳಲ್ಲಿ ಸ್ವಂತ ಕಾರಿದ್ದವರನ್ನು ಬೆರಳಲ್ಲಿ ಎಣಿಸಬಹುದಾಗಿತ್ತು. ಕೆಟ್ಟುಹೋದದ್ದನ್ನು ಬಿಚ್ಚಿ ನೋಡುವ ಚಟವೂ ಅವನಿಗಿತ್ತು. ಗಡಿಯಾರ, ರೇಡಿಯೋ, ನೂಲಿನ ರಾಟೆ, ಯಾವುದನ್ನು ಕೊಟ್ಟರೂ ಬಿಚ್ಚಿ ಸರಿಮಾಡುತ್ತಿದ್ದ. ಕೆಟ್ಟ ಸಂಬಂಧವೊಂದನ್ನು ಮಾತ್ರ ಬಿಚ್ಚಿ ನೋಡುವ ಗೋಜಿಗೆ ಹೋಗಿರಲಿಲ್ಲ.

ಕೆಟ್ಟದ್ದು ಹೆಂಡತಿ ಮಹಾದೇವಮ್ಮನ ತವರಿನ ಸಂಬಂಧ. ತವರು ಲೊಕ್ಕನಹಳ್ಳಿ, ಕಾಡಿನ ಅಂಚಿನ ಊರು. ಮೂರು ವರ್ಷದ ಹಿಂದೆ ಅವಳ ಅಣ್ಣ ಗುರುಪಾದಸ್ವಾಮಿ ಮಗನ ಮದುವೆ ಇಟ್ಟುಕೊಂಡಿದ್ದ. ಅವರ ಕಡೆ ಅಳಿಯನನ್ನು ಕರೆಯುವುದಕ್ಕೆ ಒಂದು ಕ್ರಮವುಂಟು. ಆ ಮನೆಯವರೇ ಒಬ್ಬರು ತಟ್ಟೆಯಲ್ಲಿ ತೆಂಗಿನಕಾಯಿ, ವೀಳ್ಯದೆಲೆ, ವಿಭೂತಿ ಗಟ್ಟಿ ಇಟ್ಟುಕೊಂಡು ಬಂದು, ಎದುರಿಗೆ ನಿಂತು, ಬಾಯ್ತುಂಬ ‘ಬನ್ನಿ’ ಅನ್ನಬೇಕು. ಅಳಿಯ ತಟ್ಟೆ ಮುಟ್ಟಬೇಕು, ಮಗಳು ಸೆರಗೊಡ್ಡಿ ಕಾಯಿ ವೀಳ್ಯ ತೆಗೆದುಕೊಳ್ಳಬೇಕು. ಗುರುಪಾದಸ್ವಾಮಿಗೆ ಆ ವರ್ಷ ಹೊಲಕ್ಕೆ ನುಗ್ಗಿದ ಆನೆಗಳನ್ನು ಕಾಯುವುದರಲ್ಲಿ ಬಿಡುವಾಗಲಿಲ್ಲವೋ ಏನೋ, ಮದುವೆಯ ಕಾಗದವನ್ನು ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟು ಕಳಿಸಿದ. ಜೊತೆಗೆ ಒಂದು ಚೀಲ ಅವರೆಕಾಯಿ. ನೂಲಿನ ವ್ಯಾಪಾರಿಗಳೆಲ್ಲ ಸೇರಿದ್ದ ಹೊತ್ತಿನಲ್ಲಿ ಕಂಡಕ್ಟರು ಮನೆಯ ಮುಂದೆ ಬಸ್ಸು ನಿಲ್ಲಿಸಿ, "ಶಿವಮಲ್ಲಪ್ಪೋರೇ, ಲೊಕ್ಕನಳ್ಳಿಯಿಂದ ಅವರೆಕಾಯೂ ಮದ್ವೆ ಕಾಗ್ದಾನೂ ಬಂದದೆ, ಇಳಿಸ್ಕಳಿ" ಎಂದು ಕೂಗಿದ. ನಗುವವರು ನಕ್ಕರು.

ಶಿವಮಲ್ಲಪ್ಪ ಮದುವೆಗೆ ಹೋಗಲಿಲ್ಲ, ಹೆಂಡತಿಯನ್ನೂ ಕಳಿಸಲಿಲ್ಲ. ಅವರೆಕಾಯನ್ನು ಮಾತ್ರ ವಾಪಸು ಮಾಡಲಿಲ್ಲ. ಮಹಾದೇವಮ್ಮ ಕಣ್ಣೊರೆಸಿಕೊಂಡು ಹಿತಕಿದ ಬೇಳೆ ಸಾರು ಮಾಡಿದಳು, ಅವನು ಎರಡು ಸಲ ಬಡಿಸಿಕೊಂಡು ಉಂಡ. ಅತ್ತ ಗುರುಪಾದಸ್ವಾಮಿಯೂ ಅದೇ ಮಣ್ಣಿನವನು. "ನಮ್ಮನೆ ಅಳಿಯ ಅಂದ್ರೆ ಕರೆಸ್ಕಂಡು ಬರೋನಾ? ಮುಂದಾಗಿ ಬಂದು ಚಪ್ಪರಕ್ಕೆ ಗಳ ಹೊರೋನು" ಎಂದು ಊರೆಲ್ಲ ಆಡಿಕೊಂಡ. ಗೌರಿ ಹಬ್ಬಕ್ಕೆ ಬರುತ್ತಿದ್ದ ಬಾಗಿನ ನಿಂತಿತು. ಇಬ್ಬರು ಗಂಡಸರ ಹಠದ ನಡುವೆ ಲೊಕ್ಕನಹಳ್ಳಿಯಲ್ಲಿ ಒಬ್ಬಳು ತಾಯಿ, ಕೊಳ್ಳೇಗಾಲದಲ್ಲಿ ಒಬ್ಬಳು ಮಗಳು ಸುಮ್ಮನೆ ಮುದುಕಿಯರಾಗುತ್ತಿದ್ದರು.

ತಾಯಿ ವೀರಮ್ಮನಿಗೆ ಎಪ್ಪತ್ತು ದಾಟಿತ್ತು. ಕಾಲು ಊದಿಕೊಳ್ಳುತ್ತದೆ, ಕೋಲಿಲ್ಲದೆ ನಡೆಯುವುದಿಲ್ಲ ಎಂದು ಸಂತೆಗೆ ಬಂದವರು ಸುದ್ದಿ ಹೇಳಿ ಹೋಗುತ್ತಿದ್ದರು. ಅಂಥ ಸುದ್ದಿ ಬಂದ ದಿನ ಮಹಾದೇವಮ್ಮ ಗಂಡನಿಗೆ ಬಡಿಸುತ್ತಾ ಮಾತು ತೆಗೆಯುತ್ತಿದ್ದಳು.

"ಒಂದ್ಸಲ ಅವ್ವುನ್ನ ನೋಡ್ಕ ಬರವಾ ಕಣ್ರಿ. ಇವತ್ತೋ ನಾಳ್ಯೋ ಅಂತಾವ್ಳೆ."

"ಕರುದ್ರಾ?"

"ಮಗಳ್ನ ಯಾರಾದ್ರೂವೆ ಕರುದಾರಾ?"

"ಅಳಿಯನ್ನ ಕರೀಬೇಕು. ತಟ್ಟೇಲಿ ಕಾಯಿ ವೀಳ್ಯ ಇಟ್ಕಂಡು, ಆ ಮನೇವ್ರು ಒಬ್ರು ನನ್ ಎದ್ರುಗೆ ನಿಂತ್ಕಂಡು ‘ಬನ್ನಿ’ ಅನ್ಲಿ. ಅಲ್ಲಿಗಂಟ ಆ ಊರ ಹುಣಸೆಮರ ದಾಟಾಕಿಲ್ಲ ನಾನು. ನಾ ಓಗ್ದಿರೋ ಮನೆಗೆ ನೀನೂ ಓಗ್ಬ್ಯಾಡ."

ಹುಣಸೆಮರ ಲೊಕ್ಕನಹಳ್ಳಿಯ ಗಡಿ. ತನ್ನ ಮದುವೆಗೆಂದು ಹೋದಾಗ ಬೀಗರ ಕಡೆಯವರು ಆ ಮರದಡಿಯಲ್ಲೇ ಅವನನ್ನು ಎದುರುಗೊಂಡು, ಕಾಲಿಗೆ ನೀರು ಕೊಟ್ಟು, ತಟ್ಟೆ ಹಿಡಿದು ಊರೊಳಕ್ಕೆ ಕರೆದಿದ್ದರು. ಆ ಮರ್ಯಾದೆಯ ರುಚಿ ಅವನ ನಾಲಿಗೆಯಿಂದ ಹೋಗಿರಲೇ ಇಲ್ಲ.

"ಯಳಂದೂರಿಗೆ ಮಗಳ ಮನೆಗೆ ತಿಂಗಳಿಗೆರಡು ಸಲ ಓಯ್ತೀರಲ್ಲ, ಅಲ್ಲಿ ನಿಮ್ಮುನ್ನ ಯಾರು ಕರೀತಾರೆ?" ಎಂದು ಮಹಾದೇವಮ್ಮ ಒಂದು ದಿನ ಕೇಳಿಯೇಬಿಟ್ಟಳು.

"ಅದು ಬ್ಯಾರೆ," ಎಂದ ಶಿವಮಲ್ಲಪ್ಪ. ಹೇಗೆ ಬೇರೆ ಎಂದು ಅವನಿಗೂ ಗೊತ್ತಿರಲಿಲ್ಲ.

ಹಾಗೆ ಯಳಂದೂರಿಗೆ ಹೋಗಿದ್ದಾಗಲೇ ಕ್ಯಾಮೆರಾ ಸಿಕ್ಕಿದ್ದು. ಬೆಟ್ಟದ ಕಾಫಿ ತೋಟದ ದೊರೆಯೊಬ್ಬ ತೋಟ ಮಾರಿ ತನ್ನ ಸೀಮೆಗೆ ಹೊರಟಿದ್ದ. ಅವನ ಸಾಮಾನೆಲ್ಲ ಯಳಂದೂರಿನಲ್ಲಿ ಮಾರಾಟಕ್ಕೆ ಬಂದಿತ್ತು. ಬಂದೂಕು, ಮೇಜು ಕುರ್ಚಿ ಬೇರೆಯವರು ಕೊಂಡರು. ಯಾರಿಗೂ ಬೇಡವಾದ ಒಂದು ಚರ್ಮದ ಪೆಟ್ಟಿಗೆಯನ್ನು ಶಿವಮಲ್ಲಪ್ಪ ಕೊಂಡ. ಅದರೊಳಗೆ ಚಾವಿ ಕೊಟ್ಟರೆ ಓಡುವ ಸಿನಿಮಾ ಕ್ಯಾಮೆರಾ, ತೆಗೆದದ್ದನ್ನು ಗೋಡೆಯ ಮೇಲೆ ತೋರಿಸುವ ಮಿಷನ್ನು. ಫಿಲ್ಮನ್ನು ತೊಳೆಯಲು ಬೊಂಬಾಯಿಗೆ ಕಳಿಸಬೇಕು, ಅದು ತಿರುಗಿ ಬರುವಷ್ಟರಲ್ಲಿ ತೆಗೆದದ್ದೇನೆಂದು ಮರೆತುಹೋಗಿರುತ್ತಿತ್ತು.

ಮೊದಲ ಸುರುಳಿಯಲ್ಲಿ ಯಳಂದೂರಿನ ಮೊಮ್ಮಗಳನ್ನು ತೆಗೆದಿದ್ದ. ನೂಲಿನ ಕೋಣೆಯ ಗೋಡೆಗೆ ಬಿಳಿ ಪಂಚೆ ಕಟ್ಟಿ, ಹಗಲಲ್ಲೇ ಬಾಗಿಲು ಹಾಕಿ ತೋರಿಸಿದ. ಕೂಸು ಪಂಚೆಯ ಮೇಲೆ ಅಂಬೆಗಾಲಿಟ್ಟು ಬಂದಾಗ ಮಹಾದೇವಮ್ಮ ಎದ್ದುಹೋಗಿ ಅದರ ಕೆನ್ನೆ ಮುಟ್ಟಿ ನೋಡಿದಳು. ಅವಳು ಇನ್ನಷ್ಟು ಹೊತ್ತು ನೋಡಲಿ ಎಂದು ಅವನು ಮಿಷನ್ನು ನಿಲ್ಲಿಸಿದ್ದೇ ತಡ, ದೀಪದ ಕಾವಿಗೆ ಫಿಲ್ಮು ಸುಟ್ಟು, ಕೂಸಿನ ಹಣೆಯ ಮೇಲೆ ಕಂದು ತೂತೊಂದು ಅಗಲವಾಯಿತು. ಓಡುತ್ತಿದ್ದರೆ ಸರಿ, ನಿಲ್ಲಿಸಿದರೆ ಸುಡುತ್ತದೆ ಎಂದು ಅವನಿಗೆ ತಿಳಿದದ್ದು ಹಾಗೆ.

ಪಂಚೆಯ ಮುಂದೆ ನಿಂತೇ ಇದ್ದ ಮಹಾದೇವಮ್ಮ, "ಇಂಗೇ ಅವ್ವುನ್ನೂ ತೋರುಸ್ಬೋದಲ್ವಾ?" ಎಂದಳು.

ಶಿವಮಲ್ಲಪ್ಪನಿಗೆ ಆ ಮಾತು ತಾಕಿತು. ಹೆಂಡತಿಯ ಮೇಲೆ ಪ್ರೀತಿಯಿಲ್ಲದ ಗಂಡನಲ್ಲ ಅವನು. ಆದರೆ ವೀರಮ್ಮನನ್ನು ತೆಗೆಯಬೇಕಾದರೆ ಆ ಮನೆಗೆ ಹೋಗಬೇಕು, ಹೋಗಬೇಕಾದರೆ ಕರೆ ಬರಬೇಕು. ಮೀಸೆಯೂ ಉಳಿಯಬೇಕು, ಹೆಂಡತಿಯ ಆಸೆಯೂ ತೀರಬೇಕು. ಎರಡು ದಿನ ತಲೆ ಕೆರೆದುಕೊಂಡು ಒಂದು ಉಪಾಯ ಕಂಡುಹಿಡಿದ.

"ಅವ್ವುನ್ನ ಆಗಾಕಿಲ್ಲ. ದಾರಿ ತರ್ತೀನಿ. ಇಲ್ಲಿಂದ ನಿಮ್ಮೂರ ಹುಣಸೆಮರದ ಗಂಟ ಇಡೀ ದಾರೀನೇ ತಂದು ಈ ಗೋಡೆ ಮ್ಯಾಲೆ ಬುಡ್ತೀನಿ. ಕಾರಲ್ಲಿ ಕುಂತು ತವರಿಗೆ ಓದಂಗೇ ಇರ್ತದೆ ನೋಡು."

"ದಾರಿ ತಕಂಡು ನಾ ಏನ್ ಮಾಡ್ಲಿ?" ಎಂದಳು ಮಹಾದೇವಮ್ಮ. ಮೆಲ್ಲಗೆ ಹೇಳಿದಳು. ಅವನಿಗೆ ಕೇಳಿಸಿತು, ಆದರೆ ಅಷ್ಟರಲ್ಲಿ ಅವನ ಮನಸ್ಸು ಕಾರಿನ ಬಾನೆಟ್ಟಿನ ಮೇಲೆ ಹೋಗಿ ಕೂತಿತ್ತು.

ಕಾರು ಓಡಿಸುತ್ತಾ ಕ್ಯಾಮೆರಾ ಹಿಡಿಯಲು ಕೈ ಸಾಲದು. ಇನ್ನೊಬ್ಬರ ಕೈಗೆ ಕೊಡುವಷ್ಟು ದೊಡ್ಡ ಮನಸ್ಸು ಅವನದಲ್ಲ. ಹಾಗಾಗಿ ಕ್ಯಾಮೆರಾವನ್ನು ಕಾರಿನ ಮೂತಿಗೇ ಕೂರಿಸಬೇಕು. ಅಡುಗೆಮನೆಯಿಂದ ಹಲಸಿನ ಹಲಗೆಯ ಊಟದ ಮಣೆಯೊಂದನ್ನು ಎತ್ತಿಕೊಂಡು ಬಂದು, ಎರಡು ದೊಡ್ಡ ದೀಪಗಳ ನಡುವೆ ಅಡ್ಡಲಾಗಿ ಇಟ್ಟು, ತೆಂಗಿನ ನಾರಿನ ಹಗ್ಗದಲ್ಲಿ ಬಿಗಿದ. ಶೆಡ್ಡಿನ ಕೆಲಸ ನೋಡಿಕೊಳ್ಳುತ್ತಿದ್ದ ಚಿಕ್ಕಮಾದಯ್ಯ ಜೊತೆಗೆ ನಿಂತ. ಇವನು ಶಿವಮಲ್ಲಪ್ಪನ ವಾರಿಗೆಯವನೇ. ನಗಿಸುವುದರಲ್ಲಿ ಗಟ್ಟಿಗ.

"ಬೀಗ್ರು ಬಂದ್ರೂ ಇಷ್ಟು ಬಿರ‍್ರನೆ ಮಣೆ ಹಾಕಾಕಿಲ್ಲ ಕಣ್ ಬುದ್ದಿ," ಎಂದ ಅವನು.

ಅಲುಗಾಟ ಎಷ್ಟಿದೆ ಎಂದು ತಿಳಿಯುವುದು ಹೇಗೆ? ಫಿಲ್ಮು ಓಡಿಸಿ, ಬೊಂಬಾಯಿಗೆ ಕಳಿಸಿ, ತಿಂಗಳುಗಟ್ಟಲೆ ಕಾಯುವಂತಿಲ್ಲ. ಶಿವಮಲ್ಲಪ್ಪ ಕ್ಯಾಮೆರಾದ ಜಾಗದಲ್ಲಿ ಒಂದು ಚೊಂಬು ತುಂಬ ನೀರಿಟ್ಟು ಕಟ್ಟಿದ. ನೀರು ಉಳಿದರೆ ಚಿತ್ರ ಉಳಿದೀತು ಎಂಬ ಲೆಕ್ಕ. ಧನಗೆರೆ ಮುಟ್ಟುವಷ್ಟರಲ್ಲಿ ಚೊಂಬು ಬರಿದಾಗಿ, ಬಾನೆಟ್ಟು ತೊಳೆದು ಚೊಕ್ಕಟವಾಗಿತ್ತು.

ಹಗ್ಗ ಬಿಚ್ಚಿದ. ಹಳೆಯ ರಾಟೆಯ ಕಬ್ಬಿಣದ ಸರಳನ್ನು ಕುಲುಮೆಗೆ ಒಯ್ದು, ಕಾಯಿಸಿ ಬಗ್ಗಿಸಿ, ಎರಡು ತೋಳು ಮಾಡಿಸಿ, ಬೋಲ್ಟು ಹಾಕಿ ಮಣೆಯನ್ನು ಕಾರಿಗೆ ಬಿಗಿದ. ಈ ಸಲ ನೀರು ಕಾಮಗೆರೆಯವರೆಗೆ ಅರ್ಧ ಉಳಿಯಿತು. ಅಲ್ಲಿ ಬಸ್ಸಿಗೆ ಕಾದಿದ್ದ ಜನ ಕಾರಿನ ಮೂತಿಯ ಮೇಲೆ ಕೂತ ಚೊಂಬನ್ನು ಕಂಡು ದಾರಿ ಬಿಟ್ಟರು. ಯಾವುದೋ ಬೆಟ್ಟದ ತೀರ್ಥವೆಂದು ತಿಳಿದು ಒಬ್ಬಳು ಕೈಮುಗಿದಳು. ಚಿಕ್ಕಮಾದಯ್ಯ ಕಿಟಕಿಯಿಂದ ಕೈಚಾಚಿ ಅವಳಿಗೆ ಆಶೀರ್ವಾದವನ್ನೂ ಮಾಡಿದ.

ಅಲುಗಾಟ ಕುಡಿಯುವ ವಸ್ತು ಯಾವುದೆಂದು ಹುಡುಕಿ ಹುಡುಕಿ, ಕೊನೆಗೆ ಅದು ತನ್ನ ಶೆಡ್ಡಿನ ಮೂಲೆಯಲ್ಲೇ ಸಿಕ್ಕಿತು. ನೂಲು ಬಿಚ್ಚಲಾಗದೆ ಗಂಟುಗಂಟಾಗಿ ಉಳಿಯುವ ರೇಷ್ಮೆಯ ಸಿಕ್ಕನ್ನು ಸೈಕಲ್ ಟ್ಯೂಬಿನ ತುಂಡುಗಳಿಗೆ ಒತ್ತಿ ತುಂಬಿ, ಸಣ್ಣ ದಿಂಬು ಮಾಡಿ, ಕಬ್ಬಿಣಕ್ಕೂ ಮಣೆಗೂ ನಡುವೆ ಕೊಟ್ಟ. ಕ್ಯಾಮೆರಾದ ಗುಂಡಿ ಒತ್ತುವುದಕ್ಕೆ ಒಂದು ಸನ್ನೆ ಕಡ್ಡಿ, ಅದಕ್ಕೆ ಹುರಿಮಾಡಿದ ರೇಷ್ಮೆ ದಾರ. ದಾರ ಮುಂದಿನ ಗಾಜಿನ ಕೆಳಸಂದಿನಿಂದ ಒಳಗೆ ಬಂದು ಅವನ ಕಿರುಬೆರಳಿಗೆ ಸುತ್ತಿಕೊಳ್ಳುತ್ತಿತ್ತು. ಬೆರಳು ಎಳೆದರೆ ಕ್ಯಾಮೆರಾ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ. ಹಾಕಿದ ಚಾವಿ ಅರ್ಧ ನಿಮಿಷಕ್ಕೆ ಮುಗಿಯುತ್ತದೆ. ಇಳಿದುಹೋಗಿ ಮತ್ತೆ ಚಾವಿ ಕೊಟ್ಟು ಬರಬೇಕು. ಕಾಮಗೆರೆಗೆ ಹೋಗಿ ಬಂದರೂ ಚೊಂಬಿನಲ್ಲಿ ಗುಟುಕು ನೀರಷ್ಟೇ ಕಡಿಮೆಯಾಗಿದ್ದ ದಿನ ಶಿವಮಲ್ಲಪ್ಪ ಮಗುವಿನ ಹಾಗೆ ಕುಣಿದ. ಆ ಮಣೆಗೆ ಕೊಟ್ಟ ಬುದ್ಧಿಯಲ್ಲಿ, ಆ ಬೋಲ್ಟುಗಳಿಗೆ ಕೊಟ್ಟ ತಾಳ್ಮೆಯಲ್ಲಿ ಕಾಲು ಭಾಗವನ್ನು ಬೇರೆ ಕಡೆ ಕೊಟ್ಟಿದ್ದರೆ! ಆದರೆ ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುವುದು ಇಂಥವರನ್ನು ನೋಡಿಯೇ.

ಕಾಮಗೆರೆ ದಾಟಿ ಹನೂರಿನ ದೊಡ್ಡ ದಾರಿ ಬಿಟ್ಟು ಕಾಡಿನ ಕಡೆ ಹೊರಳಿದರೆ ಗುಂಡಿಗಳ ರಾಜ್ಯ. ಅಲ್ಲಿ ಮಣೆಯನ್ನು ಪಳಗಿಸಲು ಒಂದೇ ವಾರದಲ್ಲಿ ಹಲವು ಸಲ ಹೋಗಿ ಬರಬೇಕಾಯಿತು. ಪ್ರತಿ ಸಲವೂ ಹುಣಸೆಮರದವರೆಗೆ ಹೋಗುವುದು, ಮರಕ್ಕೊಂದು ಸುತ್ತು ಹೊಡೆದು, ಇಳಿಯದೆ ವಾಪಸಾಗುವುದು. ಕಾರು ಕಂಡ ಮಕ್ಕಳು ಕಿರುಚಿಕೊಂಡು ಊರೊಳಕ್ಕೆ ಓಡುತ್ತಿದ್ದವು. ಓಡಲಿ ಎಂದುಕೊಂಡ ಶಿವಮಲ್ಲಪ್ಪ. ಅಳಿಯ ಊರ ಬಾಗಿಲಿಗೆ ಬಂದು ತಿರುಗಿಹೋದ ಎಂದು ಗುರುಪಾದಸ್ವಾಮಿಗೆ ತಿಳಿಯಲಿ, ಅವನ ಹೊಟ್ಟೆ ಸ್ವಲ್ಪ ಉರಿಯಲಿ. ಆ ಸುದ್ದಿ ಆ ಮನೆಯಲ್ಲಿ ಇನ್ನೊಬ್ಬರ ಕಿವಿಗೂ ಬೀಳುತ್ತದೆಂದು ಅವನಿಗೆ ಹೊಳೆಯಲೇ ಇಲ್ಲ.

ಫಿಲ್ಮು ಹಾಕಿ ಹೊರಡುವ ದಿನ ಬಂತು. ಮಹಾದೇವಮ್ಮ ಬೆಳಿಗ್ಗೆಯೇ ಮಿಂದು, ಮದುವೆಮನೆಗೆ ಹೊರಟವಳ ಹಾಗೆ ಹಸಿರು ಸೀರೆ ಉಟ್ಟು ಕಾರಿನ ಪಕ್ಕ ನಿಂತಿದ್ದಳು.

"ನನ್ನೂ ಕರ್ಕಂಡೋಗಿ. ಇಳಿಯಾಕಿಲ್ಲ ಕಣ್ರಿ. ಕಾರೊಳಗೇ ಕುಂತಿರ್ತೀನಿ. ಮರದ ಗಂಟ ಓಗಿ ಬಂದ್ಬುಡ್ತೀನಿ."

"ನಿನ್ನ ಕೂರಿಸ್ಕಂಡು ಮರದ ತಾವಿಂದ ತಿರುಗ್ಸುದ್ರೆ ಆ ಊರ ಜನ ಏನಂದಾರು? ಗಂಡ ಕಟುಕ ಅನ್ನಾಕಿಲ್ವಾ?" ಎಂದ ಶಿವಮಲ್ಲಪ್ಪ. ಅದು ಸಾಲದೆಂಬಂತೆ ಇನ್ನೊಂದು ನೆಪವನ್ನೂ ಸೇರಿಸಿದ: "ಅಲ್ದೆ ಚಿಕ್ಕಮಾದಯ್ಯನ ತೂಕಕ್ಕೆ ಸರಿಯಾಗಿ ದಿಂಬು ತುಂಬಿವ್ನಿ. ಇನ್ನೊಬ್ರು ಕುಂತ್ರೆ ಕಾರು ಕುಣಿಯದು ಬ್ಯಾರೆ ಆಯ್ತದೆ. ನೀ ಸುಮ್ಕೆ ಮನೇಲಿರು. ದಾರಿ ನಿನ್ ತಾವ್ಕೇ ಬತ್ತದೆ."

ಅವಳು ಬಾಗಿಲಲ್ಲಿ ನಿಂತಿದ್ದನ್ನು ಅವನು ನೋಡಿದ. ಸೀರೆ ಚೆನ್ನಾಗಿದೆ ಎಂದೂ ಅನ್ನಿಸಿತು. ಹೇಳಲಿಲ್ಲ.

ಧನಗೆರೆಯ ಹೊಲಗಳನ್ನು ತೆಗೆದ, ಕಾಮಗೆರೆಯ ಬೀದಿಯನ್ನು ತೆಗೆದ, ಕಾಡಿನ ಕಡೆಯ ನೀಲಿ ಗುಡ್ಡಗಳನ್ನು ತೆಗೆದ. ಕೊನೆಯ ಚಾವಿಯನ್ನು ಹುಣಸೆಮರಕ್ಕೆಂದು ಉಳಿಸಿಕೊಂಡಿದ್ದ. ಮರ ಕಣ್ಣಿಗೆ ಬಿದ್ದ ಕೂಡಲೇ ಬೆರಳು ಎಳೆದ. ಆಗಲೇ ಮಣೆಯ ಎಡಗಡೆಯ ಬೋಲ್ಟು ಸಡಿಲಿ ಕಿರಕಿರ ಎನ್ನತೊಡಗಿತು. ಇಷ್ಟು ದಿನದ ಪಾಡು ಈ ಅರ್ಧ ನಿಮಿಷದಲ್ಲಿ ಮಣ್ಣುಪಾಲಾಗುತ್ತದೆಂದು ಅವನಿಗೆ ದಿಗಿಲಾಯಿತು. ಕಣ್ಣು ಬೋಲ್ಟಿನ ಮೇಲೆಯೇ ನೆಟ್ಟಿತ್ತು. ಆ ಊರಿನವರ ಮುಖ ನೋಡಬಾರದು ಎನ್ನುವ ಹಠವೂ ಅದಕ್ಕೆ ಸೇರಿಕೊಂಡಿತು. ಹುಲ್ಲಿನ ಗಾಡಿಯೊಂದು ಪಕ್ಕಕ್ಕೆ ಸರಿಯಿತು. ಮೇಕೆಗಳು ದಾಟಿದವು. ಮರದ ಬುಡದಿಂದ ಯಾರೋ ದಾರಿಗೆ ಬಂದ ಹಾಗಾಯಿತು. ಶಿವಮಲ್ಲಪ್ಪ ಜೋರಾಗಿ ಹಾರ್ನ್ ಹೊಡೆದ.

"ಬುದ್ದಿ, ಯಾರೋ ಕೈ ಎತ್ತವ್ರೆ," ಎಂದ ಹಿಂದೆ ಕೂತಿದ್ದ ಚಿಕ್ಕಮಾದಯ್ಯ.

"ಸಿನಿಮಾ ತೆಗೀತಾರೆ ಅಂದ್ರೆ ಎಲ್ರೂ ಕೈ ಎತ್ತುತಾರೆ ಕಣ್ಲಾ. ಆ ಬೋಲ್ಟು ನೋಡ್ಕ, ಬಿದ್ದೋದ್ರೆ ಹೇಳು."

ಕಾರು ಮರ ಸುತ್ತಿ, ಧೂಳೆಬ್ಬಿಸಿ, ಬಂದ ದಾರಿ ಹಿಡಿಯಿತು. ಬೋಲ್ಟು ಬೀಳಲಿಲ್ಲ. ಸಂಜೆ ಮನೆಗೆ ಬಂದು ಕಾಲು ತೊಳೆಯುತ್ತಾ ಅವನು ಹೆಂಡತಿಗೆ ಒಪ್ಪಿಸಿದ: ಮೊದಲೆಲ್ಲ ಚೆನ್ನಾಗಿ ಬಂದಿದೆ, ಕೊನೆಗೆ ಮಾತ್ರ ಹುಲ್ಲಿನ ಗಾಡಿ, ಮೇಕೆ, ಜನ, ಹಾಳುಮೂಳೆಲ್ಲ ಅಡ್ಡ ಬಂದು ಕೆಡಿಸಿದವು. ಮಹಾದೇವಮ್ಮ ಹಸಿರು ಸೀರೆ ಬಿಚ್ಚಿಟ್ಟು ಹಳೆಯದನ್ನು ಉಟ್ಟಿದ್ದಳು. "ನಮ್ಮೋರು ಯಾರಾದ್ರೂ ಕಂಡ್ರಾ?" ಎಂದು ಮಾತ್ರ ಕೇಳಿದಳು. ಯಾರೂ ಕಾಣಲಿಲ್ಲ ಎಂದ.

ಫಿಲ್ಮು ಬೊಂಬಾಯಿಗೆ ಹೋಯಿತು. ಅದು ಬರುವ ಮೊದಲೇ ಲೊಕ್ಕನಹಳ್ಳಿಯಿಂದ ಆಳು ಬಂದ. ವೀರಮ್ಮ ಹೋಗಿಬಿಟ್ಟಿದ್ದಳು.

ಮದುವೆಗೆ ಕರೆ ಬೇಕು, ಸಾವಿಗೆ ಸುದ್ದಿ ಸಾಕು. ಶಿವಮಲ್ಲಪ್ಪ ಕೂಡಲೇ ಕಾರು ತೆಗೆದ. ಮಣೆ ಬಿಚ್ಚಲು ಹೊತ್ತಿರಲಿಲ್ಲ. ಕ್ಯಾಮೆರಾ ಇಲ್ಲದ ಬರಿಯ ಮಣೆ ದಾರಿಯುದ್ದಕ್ಕೂ ಅವನ ಕಣ್ಣೆದುರು ಇತ್ತು. ಪಕ್ಕದಲ್ಲಿ ಮಹಾದೇವಮ್ಮ. ಒಬ್ಬರು ಹೆಚ್ಚಿಗೆ ಕೂತರೂ ಕಾರು ಕುಣಿಯಲಿಲ್ಲ. ಹುಣಸೆಮರ ಬಂತು, ಹೋಯಿತು. ಮೂರು ವರ್ಷ ದಾಟದ ಗಡಿಯನ್ನು ದಾಟಿದ್ದು ಅವನಿಗೆ ಗೊತ್ತಾದದ್ದು ಸಾವಿನ ಮನೆಯ ಮುಂದೆ ಕಾರು ನಿಂತ ಮೇಲೆ.

ಗೋಡೆಗೆ ಒರಗಿಸಿ ಕೂರಿಸಿದ್ದ ತಾಯಿಯ ಮೊಳಕಾಲಿನ ಮೇಲೆ ಮಹಾದೇವಮ್ಮ ತಲೆಯಿಟ್ಟವಳು ಎಬ್ಬಿಸುವವರೆಗೆ ಎತ್ತಲಿಲ್ಲ. ಮಣ್ಣು ಕೊಟ್ಟು ಬಂದ ಮೇಲೆ ಗುರುಪಾದಸ್ವಾಮಿ ಶಿವಮಲ್ಲಪ್ಪನ ಪಕ್ಕ ಜಗುಲಿಯ ಮೇಲೆ ಕೂತ. ಅವನ ಮೀಸೆಯೂ ನರೆತಿತ್ತು.

"ಒಂದ್ಸಲ ಬಂದೋಗಿದ್ರೆ ಆಯ್ತಿತ್ತು ಭಾವ. ನಿಮ್ಮುನ್ನೇ ನೆನೀತಿದ್ಲು," ಎಂದ.

ಶಿವಮಲ್ಲಪ್ಪ ತಲೆ ತಗ್ಗಿಸಿದ. ಆದರೆ ಒಳಗೆ ಆಗಲೂ ಅದೇ ಹುಳು ಕೊರೆಯುತ್ತಿತ್ತು: ನಿಮ್ಮ ಮನೆಯಿಂದ ಒಬ್ಬರು, ಒಬ್ಬರೇ ಒಬ್ಬರು, ಎದುರಿಗೆ ಬಂದು ಕರೆದಿದ್ದರೆ ನಾನು ಬರುತ್ತಿರಲಿಲ್ಲವೇ? ಸಾವಿನ ಮನೆಯ ಜಗುಲಿಯಲ್ಲೂ ತಪ್ಪು ಅತ್ತಲೇ ಇರಲಿ ಎಂದು ಅವನ ಮನಸ್ಸು ತಕ್ಕಡಿ ಹಿಡಿದಿತ್ತು.

ಹನ್ನೊಂದರ ಕಾರ್ಯವೆಲ್ಲ ಮುಗಿದು, ಮನೆ ಮಾಮೂಲಿಗೆ ಬಂದ ಮೇಲೆ, ಒಂದು ಮಧ್ಯಾಹ್ನ ಅಂಚೆಯಲ್ಲಿ ಫಿಲ್ಮು ಬಂತು. ಡಬ್ಬಿ ಕೈಯಲ್ಲಿ ಹಿಡಿದು ಅವನು ಬಹಳ ಹೊತ್ತು ಕೂತ. ತೋರಿಸಲೋ ಬೇಡವೋ ಎಂದು ತಿಳಿಯಲಿಲ್ಲ. ಮಹಾದೇವಮ್ಮನೇ ಒಳಗಿಂದ ಒಗೆದ ಪಂಚೆ ತಂದು ನೂಲಿನ ಕೋಣೆಯ ಗೋಡೆಗೆ ಕಟ್ಟಿದಳು.

"ದಾರಿ ಬಂತಲ್ಲ, ನೋಡವ," ಎಂದಳು.

ಬಾಗಿಲು ಹಾಕಿದರು. ಮಿಷನ್ನು ಗರಗರ ಎಂದಿತು. ಪಂಚೆಯ ಮೇಲೆ ದಾರಿ ಬಿಚ್ಚಿಕೊಂಡಿತು. ಮಣೆ ಮಾಡಿದವನು ಮೆಚ್ಚುವ ಹಾಗೆಯೇ ಬಂದಿತ್ತು: ನೀರಿನ ಮೇಲೆ ತೇಲುತ್ತಾ ಹೋದಂತೆ ಧನಗೆರೆಯ ಹೊಲ, ಕಾಮಗೆರೆಯ ಬೀದಿ, ಗುಡ್ಡ. ಮಹಾದೇವಮ್ಮ ಒಂದೊಂದು ತಿರುವನ್ನೂ ಹೆಸರು ಹಿಡಿದು ಹೇಳುತ್ತಿದ್ದಳು. ಇಲ್ಲಿ ಅಪ್ಪನ ಗಾಡಿಯ ಕೀಲು ಮುರಿದಿತ್ತು. ಇಲ್ಲಿ ಸೀಬೆಹಣ್ಣು ಕೊಂಡಿದ್ದೆವು. ಶಿವಮಲ್ಲಪ್ಪನಿಗೆ ಒಂದು ಗಳಿಗೆ ಸಮಾಧಾನವೂ ಆಯಿತು.

ಹುಣಸೆಮರ ಕಂಡಿತು. ಹುಲ್ಲಿನ ಗಾಡಿ ಸರಿಯಿತು, ಮೇಕೆಗಳು ದಾಟಿದವು. ಮರದ ಬುಡದಲ್ಲಿ ಕೂತಿದ್ದ ಒಬ್ಬ ಮುದುಕಿ ಕೋಲೂರಿ ಎದ್ದಳು. ಕೋಲನ್ನು ಅಲ್ಲೇ ಬಿಟ್ಟು, ಎರಡು ಕೈಯಲ್ಲೂ ಒಂದು ತಟ್ಟೆ ಎತ್ತಿ ಹಿಡಿದು, ಊದಿದ ಕಾಲನ್ನು ಎಳೆದುಕೊಂಡು ದಾರಿಯ ನಡುವಿಗೆ ಬಂದಳು. ತಟ್ಟೆಯಲ್ಲಿ ತೆಂಗಿನಕಾಯಿ, ಅದರ ಸುತ್ತ ಎಲೆ. ಮುಖ ಹತ್ತಿರವಾಯಿತು, ಇನ್ನೂ ಹತ್ತಿರವಾಯಿತು. ಬಾಯಿ ತೆರೆದು ಏನೋ ಅಂದಳು.

"ಅವ್ವ!" ಎಂದಳು ಮಹಾದೇವಮ್ಮ. "ಅವ್ವ ಕಣ್ರಿ! ನಿಲ್ಸಿ, ನಿಲ್ಸಿ!"

ಶಿವಮಲ್ಲಪ್ಪನ ಕೈ ಮಿಷನ್ನಿನ ಕೀಲಿಗೆ ಹೋಗಿ ಅಲ್ಲೇ ನಿಂತಿತು. "ನಿಲ್ಸುದ್ರೆ ಸುಟ್ಟೋಯ್ತಾಳೆ ಕಣೇ," ಎಂದ. ಅಷ್ಟರಲ್ಲಿ ವೀರಮ್ಮ ಪಂಚೆಯ ಅಂಚಿಗೆ ಸರಿದು ಕಾಣೆಯಾದಳು. ಮರ ಗಿರ್ರನೆ ತಿರುಗಿತು. ಆಮೇಲೆ ಬರೀ ಬೆಳಕು.

ಅವನಿಗೆ ಬೇಕಾಗಿದ್ದದ್ದೆಲ್ಲ ಅಲ್ಲಿತ್ತು. ಆ ಮನೆಯವರೊಬ್ಬರು, ತಟ್ಟೆ, ಕಾಯಿ, ವೀಳ್ಯ, ಎದುರಿಗೆ ನಿಂತು ಅಂದ ಮಾತು. ಗಂಡನಿಲ್ಲದವಳು ಕರೆಯಲು ಹೋಗಬಾರದು ಎಂಬ ಮಾತನ್ನೂ, ಮಗನ ಹಠವನ್ನೂ ಮೀರಿ, ನಡೆಯಲಾಗದ ಕಾಲಲ್ಲಿ, ಬೀಗರನ್ನು ಎದುರುಗೊಳ್ಳುವ ಜಾಗಕ್ಕೇ ಬಂದು ಅವಳು ಕರೆದಿದ್ದಳು. ಆ ಒಂದು ದಿನ ಕಾದಿದ್ದಳೋ, ಕಾರು ಬರುತ್ತದೆಂದು ದಿನವೂ ಬಂದು ಕೂರುತ್ತಿದ್ದಳೋ, ಇನ್ನು ಯಾರನ್ನು ಕೇಳುವುದು?

"ಇನ್ನೊಂದ್ಸಲ ಬುಡಿ," ಎಂದಳು ಮಹಾದೇವಮ್ಮ.

ಸುರುಳಿ ಸುತ್ತಿ ಮತ್ತೆ ಬಿಟ್ಟ. ಈ ಸಲ ಅವಳು ದಾರಿಯ ಬಗ್ಗೆ ಏನೂ ಹೇಳಲಿಲ್ಲ, ಕಾಯುತ್ತಿದ್ದಳು. ಮರ ಬಂತು. ಮುದುಕಿ ಎದ್ದಳು, ಬಂದಳು, ತಟ್ಟೆ ಎತ್ತಿದಳು. ಇದ್ದಕ್ಕಿದ್ದಂತೆ ಅವಳ ಮೈಯೆಲ್ಲ ಅದುರಿ, ಒಂದು ಹೆಜ್ಜೆ ಹಿಂದಕ್ಕೆ ಜೋಲಿ ಹೊಡೆದು, ತಟ್ಟೆ ಓರೆಯಾಗಿ, ಕಾಯಿ ಧೂಳಿಗೆ ಉರುಳಿತು. ಮೊದಲ ಸಲ ಇದನ್ನು ಇಬ್ಬರೂ ಕಂಡಿರಲಿಲ್ಲ.

"ಯಾಕಂಗೆ ಬೆಚ್ಚಿಬಿದ್ಲು ಅವ್ವ?" ಎಂದು ಕೇಳಿದಳು ಮಹಾದೇವಮ್ಮ.

ಅದು ಮೂಕಿ ಫಿಲ್ಮು. ಸದ್ದಿಲ್ಲ. ಶಿವಮಲ್ಲಪ್ಪನ ಕಿವಿಗೆ ಮಾತ್ರ ಹಾರ್ನು ಕೇಳಿಸಿತು, ಅವತ್ತಿಗಿಂತ ಜೋರಾಗಿ ಕೇಳಿಸಿತು. ಮೇಕೆಗೆ ಬೆಚ್ಚಿದಳು ಎನ್ನಬಹುದಾಗಿತ್ತು. ಕಾಲು ಎಡವಿತು ಎನ್ನಬಹುದಾಗಿತ್ತು. ಹುಟ್ಟಿದಾಗಿನಿಂದ ತಪ್ಪನ್ನು ಅತ್ತ ತಳ್ಳಿ ಅಭ್ಯಾಸವಿದ್ದ ನಾಲಿಗೆ ಅಂದು ಹೊರಳಲಿಲ್ಲ.

"ನಾನು ಹಾರ್ನ್ ಹೊಡ್ದೆ," ಎಂದ. "ಯಾರೋ ಅಡ್ಡ ಬಂದ್ರು ಅಂತ."

ಅವಳು ಬಯ್ಯುತ್ತಾಳೆಂದು, ಎದೆ ಬಡಿದುಕೊಂಡು ಅಳುತ್ತಾಳೆಂದು ಕಾದ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದನೋ ಏನೋ. ಮಹಾದೇವಮ್ಮ "ಇನ್ನೊಂದ್ಸಲ ಬುಡಿ" ಎಂದಳು, ಮೆಲ್ಲಗೆ.

ಮೂರನೆಯ ಸಲ ಮರ ಕಂಡಾಗ ಅವಳು ಎದ್ದು ಪಂಚೆಯ ಬಳಿಗೆ ಹೋದಳು. ತಲೆಯ ಮೇಲಿನ ಸೆರಗನ್ನು ತೆಗೆದು, ಎರಡು ಕೈಯಲ್ಲಿ ಅಗಲವಾಗಿ ಹಿಡಿದು, ತಾಯಿ ಬರುವ ಕಡೆಗೆ ಒಡ್ಡಿದಳು. ಬೆಳಕು ಸೆರಗಿನ ಮೇಲೆ ಬಿತ್ತು. ದಾರಿ, ಧೂಳು, ಮರ ಎಲ್ಲ ಅದರ ಮೇಲೆ ಹರಿದವು. ವೀರಮ್ಮ ಎದ್ದು, ಕಾಲೆಳೆದುಕೊಂಡು, ಮಗಳ ಸೆರಗಿನೊಳಕ್ಕೇ ನಡೆದು ಬಂದು ತಟ್ಟೆ ಎತ್ತಿದಳು.

ಹಿಂದೆ ಕತ್ತಲಲ್ಲಿ ಶಿವಮಲ್ಲಪ್ಪನ ಬಲಗಾಲು ನೆಲವನ್ನು ಒತ್ತಿ ಹಿಡಿದಿತ್ತು, ಬ್ರೇಕಿನ ಮೇಲೆ ಇಟ್ಟ ಹಾಗೆ. ಕಾರು ಆ ಸಲವೂ ನಿಲ್ಲಲಿಲ್ಲ.